ದಾರ ಸುತ್ತಿದ ನಾಲ್ಕು ಸಾಲು

ಎಲೆ ಉದುರುವ ಕಾಲ ಬಂತೆಂದರೆ ಆ ಊರಿನ ಗ್ರಂಥಾಲಯದವರಿಗೆ ಜನರಿಗೆ ಏನಾದರೂ ಕಲಿಸಿಬಿಡುವ ಹುಮ್ಮಸ್ಸು ಬರುತ್ತಿತ್ತು. ಈ ಸಲ ಕೆಳಗಿನ ಹಾಲ್‌ನಲ್ಲಿ ಕಸೂತಿ, ಮಹಡಿಯ ಮೇಲೆ ಕವನ. ಶನಿವಾರ ಮಧ್ಯಾಹ್ನ ಒಂದಾದ ಮೇಲೊಂದು, ಒಟ್ಟು ಎಂಟು ವಾರ. ದೊಡ್ಡವಳು ಕಸೂತಿಗೆ ಹೆಸರು ಕೊಟ್ಟಳು. ಕೊಟ್ಟು ಸುಮ್ಮನಿರದೆ ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಮಾರನೆಯ ದಿನ ಅವಳ ಓರಗಿತ್ತಿ, ಮೈದುನನ ಹೆಂಡತಿ, ಕಸೂತಿಗೂ ಸೇರಿ, ಅದು ಸಾಲದೆಂಬಂತೆ ಕವನಕ್ಕೂ ಸೇರಿ ಬಂದಳು.

"ನೀವಿದ್ದೀರಲ್ಲ ಅಕ್ಕ, ಧೈರ್ಯ ಬಂತು," ಅಂದಳು ಚಿಕ್ಕವಳು.

"ಎರಡು ದೋಣಿ ಮೇಲೆ ಕಾಲಿಟ್ಟವರು ಏನಾಗ್ತಾರೆ ಗೊತ್ತಲ್ಲ?"

"ಈಜು ಕಲೀತಾರೆ," ಎಂದು ನಕ್ಕು, ಚಿಕ್ಕವಳು ಕೋಟು ಹಾಕಿಕೊಂಡು ಕೆಲಸಕ್ಕೆ ಹೊರಟಳು. ಅವಳದು ಔಷಧಿ ಅಂಗಡಿಯಲ್ಲಿ ಕೆಲಸ. ಕೋಟಿನ ಎರಡನೆಯ ಗುಂಡಿ ಎಂದಿನಂತೆ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು.

"ನಿಲ್ಲೇ. ಗುಂಡಿ ಮೇಲೇನು ದ್ವೇಷಾನೇ ನಿಂಗೆ? ಬೀದೀಲಿ ಬಿದ್ದುಹೋದ್ರೆ ಅಂಥದ್ದು ಮತ್ತೆ ಎಲ್ಲಿ ಹುಡುಕ್ಲಿ?" ಎಂದು ಬೈಯುತ್ತ ದೊಡ್ಡವಳು ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಹೊಲಿದು ಕಳಿಸಿದಳು.

ದೊಡ್ಡವಳದು ಮನೆಯ ಮುಂದಿನ ಕೋಣೆಯಲ್ಲೇ ಆಲ್ಟರೇಷನ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಪ್ಯಾಂಟು ಗಿಡ್ಡ ಮಾಡುತ್ತ, ಜಿಪ್ಪು ಬದಲಿಸುತ್ತ ಬಂದಿದ್ದಳು. ಈ ಕೆಲಸಕ್ಕೆ ಒಂದು ಶಾಪವಿದೆ: ಚೆನ್ನಾಗಿ ಮಾಡಿದರೆ ಅದು ಕಾಣುವುದಿಲ್ಲ. ಕಂಡಿತೆಂದರೆ ಕೆಲಸ ಕೆಟ್ಟಿತು ಎಂದೇ ಅರ್ಥ. ಹೀಗಾಗಿ ಇಷ್ಟು ವರ್ಷದಲ್ಲಿ ಒಬ್ಬರಾದರೂ "ಆಹಾ, ಇದು ಯಾರ ಕೈ?" ಎಂದು ಕೇಳಿರಲಿಲ್ಲ. ಜೀವಮಾನದಲ್ಲಿ ಒಂದು ಸಲ ತನ್ನ ಕೈ ನಾಲ್ಕು ಜನಕ್ಕೆ ಕಾಣಬೇಕು. ಅದಕ್ಕೇ ಅವಳು ಕಸೂತಿಗೆ ಸೇರಿದ್ದು.

ಎರಡನೆಯ ವಾರವೇ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಕಸೂತಿ ಟೀಚರು ಮೇಜಿನಿಂದ ಮೇಜಿಗೆ ಬರುತ್ತ, ದೊಡ್ಡವಳು ಬಟ್ಟೆ ಬಿಗಿದಿದ್ದ ರಿಂಗನ್ನು ಕೈಗೆತ್ತಿಕೊಂಡು, ಬಟ್ಟೆಯ ಹಿಂಬದಿಯನ್ನೂ ತಿರುಗಿಸಿ ನೋಡಿ, "ತುಂಬಾ ಅಚ್ಚುಕಟ್ಟು," ಅಂದರು. ಪಕ್ಕದಲ್ಲಿ ಚಿಕ್ಕವಳು ಹೊಲಿದ ಎಲೆ ಸೊಟ್ಟಗಿತ್ತು, ಹಿಂಬದಿಯಂತೂ ಕೋಳಿ ಕೆದರಿದ ಹಾಗಿತ್ತು. ಟೀಚರು ಅದನ್ನು ಬೆಳಕಿಗೆ ಹಿಡಿದು, "ಇದರಲ್ಲಿ ಜೀವ ಇದೆ ನೋಡಿ!" ಎಂದು ಇಡೀ ತರಗತಿಗೆ ತೋರಿಸಿದರು.

ಜೀವವಂತೆ! ಸೊಟ್ಟ ಹೊಲಿದರೆ ಜೀವ, ನೇರ ಹೊಲಿದರೆ ಅಚ್ಚುಕಟ್ಟು. ದೊಡ್ಡವಳ ಮುಖ ಹುಳ್ಳಗಾಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ಓರಗಿತ್ತಿಯರಲ್ಲಿ ಹಿರಿಯವಳಿಗೆ ಮಾತ್ರ ಯಾವ ಕಾಲವನ್ನೂ ಯಾರೂ ಗೊತ್ತುಮಾಡಿಲ್ಲ ಎಂದು ಅವಳಿಗನ್ನಿಸಿತು. ಅಂದು ಮನೆಗೆ ಬಂದವಳೇ ಗಂಡನ ಮೇಲೆ ಕಾರಣವಿಲ್ಲದೆ ರೇಗಿದಳು. ಆ ಪುಣ್ಯಾತ್ಮ ಮೂವತ್ತು ವರ್ಷದ ಅನುಭವಸ್ಥ, ಎದ್ದು ಅಂಗಳದ ಎಲೆ ಗುಡಿಸಲು ಹೋದ.

ತರಗತಿಗಳು ಮುಗಿಯುವಾಗ ಒಂದು ಪ್ರದರ್ಶನ. ಮೇಲಿನವರು ಬರೆದ ಕವನಗಳನ್ನು ಕೆಳಗಿನವರು ಬಟ್ಟೆಯ ಮೇಲೆ ಕಸೂತಿ ಮಾಡಬೇಕು. ಆರಿಸಿದ ಒಂದು ಬಟ್ಟೆಯನ್ನು ಗ್ರಂಥಾಲಯದ ಬಾಗಿಲೆದುರು ವರ್ಷಪೂರ್ತಿ ತೂಗುಹಾಕುತ್ತಾರೆ. ಬಟ್ಟೆಯ ಮೇಲೆ ಬರುವವರೆಗೆ ತಾನೂ ಒಂದು ಕವನವನ್ನೂ ಓದುವುದಿಲ್ಲ ಎಂಬುದು ಕವನದ ಮೇಷ್ಟ್ರ ಹಠ. ಹಾಗಾಗಿ ಕವನಗಳು ಮಡಚಿದ ಹಾಗೆಯೇ ಡಬ್ಬಿಗೆ ಬಿದ್ದವು. ಕೆಳಗಿನವರು ಒಂದೊಂದೇ ಎತ್ತಿಕೊಂಡರು.

ದೊಡ್ಡವಳ ಕೈಗೆ ಬಂದದ್ದು ಎರಡು ಹಾಳೆ, ಮೂಲೆಯಲ್ಲೊಂದು ಗುಂಡುಪಿನ್ನು. ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು. ಅಡುಗೆಮನೆಯ ಸಾಮಾನಿನ ಪಟ್ಟಿಯಲ್ಲಿ ದಿನಾ ಕಾಣುವ ಅದೇ ದುಂಡು ಕೈಬರಹ.

ಇಡೀ ಡಬ್ಬಿಯಲ್ಲಿ ಇವಳದೇ ಸಿಗಬೇಕಿತ್ತೇ? ವರ್ಷಪೂರ್ತಿ ಇವಳ ಮಾತನ್ನು ತಾನು ಹೊತ್ತು ನಿಲ್ಲಬೇಕೇ? 'ಅಕ್ಷರ ಹೊಲೀತೀನಿ, ಅರ್ಥ ನನಗೆ ಬೇಡ' ಎಂದುಕೊಂಡಳು. ಮೊದಲ ಹಾಳೆಯಲ್ಲಿ ಹನ್ನೊಂದು ಸಾಲು. ಎರಡನೆಯದರಲ್ಲಿ ಬಾಲದ ಹಾಗೆ ನಾಲ್ಕೇ ನಾಲ್ಕು. ಬಟ್ಟೆಯಲ್ಲಿ ಹದಿನೈದಕ್ಕೂ ಜಾಗವಿತ್ತು, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಪಿನ್ನು ಕಿತ್ತಳು. ಬಾಲ ಕತ್ತರಿಸಿದ ಕವನ ಎಲ್ಲರೆದುರು ನೇತಾಡಲಿ, ಬೆಪ್ಪುತಕ್ಕಡಿಯ ಹಾಗೆ ನಿಲ್ಲಲಿ, ಆಗ ತಿಳಿಯುತ್ತದೆ ಜೀವ ಎಂದರೇನೆಂದು. ಹೊಸ ದಾರದ ಲಡಿ ಬಿಚ್ಚಿದಾಗ ಯಾವುದಾದರೂ ಕಾಗದವನ್ನು ಪಟ್ಟಿಯಾಗಿ ಮಡಚಿ ಅದಕ್ಕೆ ಸುತ್ತಿಡುವುದು ಅವಳ ಹಳೆಯ ಅಭ್ಯಾಸ. ಎರಡನೆಯ ಹಾಳೆಯನ್ನು ಓದದೆಯೇ ಮಡಚಿದಳು, ಕೆಂಪು ದಾರವನ್ನು ಅದರ ಮೇಲೆ ಬಿಗಿಯಾಗಿ ಸುತ್ತಿದಳು.

ಹೊಲಿಗೆಯಲ್ಲಿ ಮಾತ್ರ ಮೋಸ ಮಾಡಲಿಲ್ಲ. ಹೊಟ್ಟೆಕಿಚ್ಚಿಗೂ ಒಂದು ನಿಯತ್ತಿರುತ್ತದೆ. ಅಕ್ಷರಗಳಿಗೆ ಸರಪಳಿ ಹೊಲಿಗೆ, ಅಂಚಿಗೆ ಉದುರುವ ಎಲೆಗಳು. ಅರ್ಥ ಬೇಡವೆಂದರೂ ಒಂದೊಂದು ಅಕ್ಷರದ ಮೇಲೆ ಗಳಿಗೆಗಟ್ಟಲೆ ಕೂತವಳಿಗೆ ಅರ್ಥ ತಾನಾಗಿ ಒಳಗಿಳಿಯಿತು. ಮರವೊಂದು ಎಲೆಗಳನ್ನು ಕಳಚಿ ನಿಂತ ಕವನ. ಕೊನೆಯ ಮೂರು ಸಾಲು ಹೀಗಿದ್ದವು:

ಉದುರಿದ ಎಲೆಯನ್ನು
ಮರಳಿ ಕೊಂಬೆಗೆ
ಹೊಲಿದು ಕೊಡುವವರು ಯಾರು?

ಚೆನ್ನಾಗಿತ್ತು. ಹಾಳಾದ್ದು, ನಿಜಕ್ಕೂ ಚೆನ್ನಾಗಿತ್ತು. ಸೂಜಿ ಚುಚ್ಚಿ ಬೆರಳಿನಲ್ಲಿ ರಕ್ತ ಬಂದಾಗ ಅದಕ್ಕೂ ಚಿಕ್ಕವಳನ್ನೇ ಬೈದುಕೊಂಡಳು.

ಪ್ರದರ್ಶನದ ದಿನ ಹಾಲ್ ಜನರಿಂದ ತುಂಬಿತ್ತು. ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಒಂದೊಂದೇ ಬಟ್ಟೆ ಓದುತ್ತ ಬಂದವರು ದೊಡ್ಡವಳ ಬಟ್ಟೆಯೆದುರು ನಿಂತರು. ನಿಂತವರು ಕದಲಲಿಲ್ಲ.

"ಪ್ರಶ್ನೇಲೇ ನಿಲ್ಲಿಸಿಬಿಟ್ಟಿದ್ದಾರೆ! ಬೇರೆಯವರಾಗಿದ್ರೆ ಉತ್ತರ ಬರೆದು ಕೆಡಿಸ್ತಿದ್ರು," ಅಂದರು ಮೇಷ್ಟ್ರು. "ಯಾರಮ್ಮ ಬರೆದಿದ್ದು?"

ಚಿಕ್ಕವಳು ಬಟ್ಟೆಯನ್ನು ನೋಡಿದಳು. ಆಮೇಲೆ ದೊಡ್ಡವಳ ಮುಖ ನೋಡಿದಳು. "ನಾನೇ ಸರ್," ಅಂದಳು ಮೆಲ್ಲಗೆ. ಚಪ್ಪಾಳೆಯೋ ಚಪ್ಪಾಳೆ. ಆ ಬಟ್ಟೆಯೇ ಬಾಗಿಲೆದುರು ಏರಿತು. ಕಸೂತಿ ಟೀಚರು ದೊಡ್ಡವಳ ಬೆನ್ನು ತಟ್ಟಿ, "ಅಕ್ಷರ ಹೊಲಿದ ಹಾಗೇ ಇಲ್ಲ ಕಣ್ರೀ, ಅಚ್ಚು ಹಾಕಿದ ಹಾಗಿದೆ!" ಅಂದರು. ಇಲ್ಲೂ ಅವಳ ಕೈ ಯಾರಿಗೂ ಕಾಣಲಿಲ್ಲ. ಕೆಡಿಸಲು ಹೋಗಿ ತಾನೇ ಚಿಕ್ಕವಳನ್ನು ಗದ್ದುಗೆಗೇರಿಸಿದ್ದು ನೆನೆದರೆ ಮೈಯೆಲ್ಲ ಉರಿಯುತ್ತಿತ್ತು.

ಮನೆಯ ದಾರಿಯಲ್ಲಿ ಒಣಗಿದ ಎಲೆಗಳ ಮೇಲೆ ನಡೆಯುತ್ತ ಇಬ್ಬರೂ ಅರ್ಧ ದಾರಿ ಬಂದರು. ಕೊನೆಗೆ ಚಿಕ್ಕವಳೇ ಬಾಯಿಬಿಟ್ಟಳು.

"ಅಕ್ಕ, ತಪ್ಪು ನಂದೇ. ನಿಮ್ಮನ್ನ ಕೇಳದೆ ಬರೀಬಾರದಿತ್ತು. ಆ ನಾಲ್ಕು ಸಾಲು ನಿಮಗೆ ಇಷ್ಟ ಆಗ್ಲಿಲ್ಲ ಅಂತ ಗೊತ್ತಾಯ್ತು. ಬಿಟ್ಟಿದ್ದೇ ಒಳ್ಳೇದಾಯ್ತು ಬಿಡಿ."

"ಯಾವ ನಾಲ್ಕು..." ಎಂದು ಶುರುಮಾಡಿದ ದೊಡ್ಡವಳು ಅಲ್ಲಿಗೇ ನಿಲ್ಲಿಸಿದಳು.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಅಂಗಡಿ ಕೋಣೆಗೆ ಹೋದಳು. ದಾರದ ಡಬ್ಬಿಯಲ್ಲಿ ಕೆಂಪು ಎಳೆ ಇನ್ನೂ ಮುಕ್ಕಾಲು ಭಾಗ ಉಳಿದಿತ್ತು. ಎಳೆದಳು. ದಾರ ಮಡಿಲ ತುಂಬ ರಾಶಿಬಿತ್ತು, ಸಿಕ್ಕಾಯಿತು. ಸಿಕ್ಕಾದ ದಾರವನ್ನು ಕಂಡರೆ ಸಹಿಸದವಳು ಅಂದು ಲಕ್ಷ್ಯವನ್ನೇ ಕೊಡಲಿಲ್ಲ. ಮಡಿಕೆ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು.

ನಮ್ಮ ಮನೆಯಲ್ಲಿ ಒಬ್ಬಳಿದ್ದಾಳೆ.
ಸಡಿಲವಾದ ಗುಂಡಿ ನನಗಿಂತ ಮೊದಲು ಅವಳಿಗೆ ಕಾಣುತ್ತದೆ,
ಬೈಯುತ್ತಲೇ ಹೊಲಿದು ಕೊಡುತ್ತಾಳೆ.
ನನ್ನನ್ನೂ ಈ ಮನೆಗೆ ಹಾಗೆಯೇ ಹೊಲಿದಳು.

ಎದುರಿಗೆ 'ನೀವು' ಬಿಟ್ಟು ಮಾತಾಡದವಳು ಹಾಳೆಯ ಮೇಲೆ 'ಅವಳು' ಎಂದಿದ್ದಳು. ಅದಕ್ಕೆ ಸಿಟ್ಟು ಮಾಡಿಕೊಳ್ಳಲು ದೊಡ್ಡವಳು ಪ್ರಯತ್ನಪಟ್ಟಳು, ಬರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರು ಅವಳ ಕೈಯನ್ನು ಕಂಡಿದ್ದರು. ಕಂಡು ಬರೆದದ್ದನ್ನು ಅವಳೇ ದಾರ ಸುತ್ತಿ ಮುಚ್ಚಿದ್ದಳು. ಆ ನಾಲ್ಕು ಸಾಲಿನಲ್ಲಿದ್ದ ಹೆಂಗಸು ಎಷ್ಟು ದೊಡ್ಡ ಮನಸ್ಸಿನವಳು! ಅವಳ ಮೇಲೂ ದೊಡ್ಡವಳಿಗೆ ಹೊಟ್ಟೆಕಿಚ್ಚಾಯಿತು. ಈ ಎಂಟು ವಾರದ ಹೊಟ್ಟೆಕಿಚ್ಚಿನಲ್ಲಿ ಅಳು ತಂದದ್ದು ಅದೊಂದೇ.

ಗೂಟದಲ್ಲಿ ಚಿಕ್ಕವಳ ಕಪ್ಪು ಕೋಟು ತೂಗುತ್ತಿತ್ತು. ಎರಡನೆಯ ಗುಂಡಿ ಮತ್ತೆ ಸಡಿಲ. ದೊಡ್ಡವಳು ಮೂಗೊರೆಸಿಕೊಂಡು ಕೋಟನ್ನು ಮಡಿಲಿಗೆಳೆದುಕೊಂಡಳು, ಸೂಜಿಗೆ ದಾರ ಪೋಣಿಸಿದಳು.

ಬೆಳಿಗ್ಗೆ ಚಿಕ್ಕವಳು ಕೋಟು ತೊಟ್ಟು ಕನ್ನಡಿಯೆದುರು ನಿಂತವಳು ಕೂಗಿದಳು. "ಅಕ್ಕಾ, ಕಪ್ಪು ಕೋಟಿಗೆ ಕೆಂಪು ದಾರ ಹಾಕಿದ್ದೀರಿ! ದೂರದಿಂದ್ಲೇ ಕಾಣುತ್ತೆ!"

"ಕಾಣ್ಲಿ," ಅಂದಳು ದೊಡ್ಡವಳು, ಅಂಗಡಿ ಕೋಣೆಯಿಂದ ತಲೆಯೆತ್ತದೆ. ಆಮೇಲೆ ಬೈಯುವ ದನಿಯಲ್ಲೇ ಅಂದಳು: "ಆ ಹಾಳೆ ನಾನು ಓದೇ ಇರ್ಲಿಲ್ಲ ಕಣೇ. ಓದದೇನೇ ದಾರ ಸುತ್ತಿಬಿಟ್ಟೆ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ."