ಮನೆಯಲ್ಲಿ ಆಡದ ಹೆಸರು

ಕಿಟ್ಟಿ ಹಜಾರದ ಮೇಜನ್ನು ಗೋಡೆಯ ಕಡೆಗೆ ಎಳೆಯುವಾಗ ಅದರ ಮೇಲಿದ್ದ ನೋಟ್‌ಪುಸ್ತಕಗಳ ಕಟ್ಟು ಜಾರಿ ನೆಲಕ್ಕೆ ಬಿತ್ತು. ದಾರ ಬಿಚ್ಚಿಕೊಂಡು ಪುಸ್ತಕಗಳು ಚೆಲ್ಲಾಡಿದವು. ಒಂದು ಜಾರಿಹೋಗಿ, ಚಾಪೆಯ ಮೇಲೆ ಮಲಗಿಸಿದ್ದ ಭಾವನ ಕಾಲಿಗೆ ತಗುಲಿ ನಿಂತಿತು.

"ಮೆಲ್ಲಗೆ ಕಣೋ," ಎಂದಳು ಅಕ್ಕ ಚೂಡಾಮಣಿ, ಮಲಗಿದವರಿಗೆ ಎಚ್ಚರವಾದೀತು ಎನ್ನುವಂತೆ.

ಡಾಕ್ಟರ್ ತಿರುಮಲೇಶ ಬೆಳಿಗ್ಗೆ ಆರೂವರೆಗೆ ಶೂ ಹಾಕಿಕೊಳ್ಳಲು ಬಗ್ಗಿದವರು ಹಾಗೆಯೇ ಒಂದು ಪಕ್ಕಕ್ಕೆ ವಾಲಿದ್ದರು. ಹೃದಯಾಘಾತ. ಐವತ್ತೊಂದು ವರ್ಷ. ಒಂಬತ್ತರ ಹೊತ್ತಿಗೆ ಜಯನಗರದ ಆ ಮನೆಯ ತುಂಬ ನೆಂಟರು ಸೇರಿದ್ದರು. ಅರವತ್ತೇಳರ ಫೆಬ್ರವರಿ. ಚುನಾವಣೆಯ ಪ್ರಚಾರಕ್ಕೆ ಬಂದ ಕಾರೊಂದು ಬಾಗಿಲಲ್ಲಿ ಬೆಂಕಿ ಕಂಡು, ಮೈಕು ನಿಲ್ಲಿಸಿ ಮೆಲ್ಲನೆ ದಾಟಿಹೋಯಿತು.

ಕಿಟ್ಟಿ ಪುಸ್ತಕಗಳನ್ನು ಆಯ್ದ. ತೆರೆದ ಪುಟದಲ್ಲಿ ಭಾವನ ಸಣ್ಣ ಅಕ್ಷರ: ‘ನಂ. 41. ಹೆಂಗಸು, ಇಪ್ಪತ್ತಮೂರು ವರ್ಷ.’ ಮುಂದಿನದು ನಂ. 42. ಎಲ್ಲಿಯೂ ಹೆಸರಿರಲಿಲ್ಲ.

"ಹುಷಾರು," ಎಂದರು ಆಸ್ಪತ್ರೆಯ ಸಹೋದ್ಯೋಗಿ ಡಾಕ್ಟರ್ ಕೊಟ್ರಪ್ಪ. "ಹದಿನಾಲ್ಕು ವರ್ಷದ ಕೆಲಸ ಅದು. ಸಾಯೋಕೆ ಹೋಗಿ ಬದುಕಿ ಬಂದವರನ್ನ ಹುಡುಕ್ಕೊಂಡು ಸೈಕಲ್ ತುಳಿದು ತುಳಿದು ಬರೆದಿದ್ದು. ಇನ್ನೂರ ಹನ್ನೊಂದು ಜನ."

"ಹೆಸರೇ ಇಲ್ವಲ್ಲ ಸಾರ್?"

"ಬರೆದರೆ ಪೊಲೀಸರು ಕೇಸ್ ಹಾಕ್ತಾರಲ್ಲಪ್ಪ. ಬದುಕಿದ್ದೇ ತಪ್ಪು ಅನ್ನೋ ಹಾಗೆ." ಕೊಟ್ರಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮಲ್ಲಿ ಎಲ್ಲರೂ ನಗ್ತಿದ್ರು. ಇವನಿಗೆ ಬೇಜಾರಿನ ಮೇಲೆ ರಿಸರ್ಚು ಅಂತ. ಕಾಯಿಲೆ ಕಣ್ರೀ ಅದು, ಬೇಜಾರಲ್ಲ ಅಂತ ಹೇಳ್ತಾನೇ ಹೋದ."

ಪುರೋಹಿತರು ಒಳಗೆ ಬಂದರು. "ರಾಹುಕಾಲಕ್ಕೆ ಮುಂಚೆ ಎತ್ತಿಬಿಡೋಣ. ಮಕ್ಕಳು?"

"ಇಲ್ಲ," ಎಂದರು ಯಾರೋ. "ತಮ್ಮ ಮಾಡ್ತಾರೆ."

ಚೂಡಾಮಣಿ ಆ ‘ಇಲ್ಲ’ವನ್ನು ಕೇಳಿದಳು. ಅದೇ ಪ್ರಶ್ನೆಗೆ ಅದೇ ಉತ್ತರವನ್ನು ಗಂಡನೂ ಎಷ್ಟೋ ಜನಕ್ಕೆ ಹೇಳಿದ್ದನ್ನು ಪಕ್ಕದಲ್ಲೇ ನಿಂತು ಕೇಳಿದ್ದಳು.

* * *

ಮಗು ಇತ್ತು. ಹೆಸರು ಸತ್ಯಭಾಮಾ, ಕರೆಯುತ್ತಿದ್ದದ್ದು ಭಾಮೆ ಎಂದು. ಐವತ್ತಾರರ ಆಗಸ್ಟಿನಲ್ಲಿ, ಒಂದೂವರೆ ವರ್ಷದ ಭಾಮೆಗೆ ಗಂಟಲುಮಾರಿ ಬಂತು. ಮೂರೇ ದಿನದಲ್ಲಿ ಮಗು ಹೋಯಿತು. ಮನೆಯ ಸುಣ್ಣ ಕೂಡ ಇನ್ನೂ ಹೊಸದು. ಸುತ್ತ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದವು.

ಹದಿನೈದನೆಯ ದಿನ ತಿರುಮಲೇಶ ಆಸ್ಪತ್ರೆಗೆ ಹೋದರು. ಸಂಜೆ ಬಂದು, ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು. ಚೂಡಾಮಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಈಗ ಹೆಸರೆತ್ತುತ್ತಾರೆ, ಆಗ ಇಬ್ಬರೂ ಅತ್ತುಬಿಡೋಣ ಎಂದುಕೊಂಡಳು. ಅವರು ಕೈತೊಳೆದುಕೊಂಡು, "ಇವತ್ತು ನಲ್ಲೀಲಿ ನೀರು ಬಂತಾ?" ಎಂದು ಕೇಳಿದರು.

"ಬಂತು," ಎಂದಳು.

ಮರುದಿನವೂ ಕಾದಳು. ಯುಗಾದಿಯ ದಿನ ಕಾದಳು, ಮಗು ಹುಟ್ಟಿದ ದಿನ ಕಾದಳು. ಗಂಡ ಕೆಟ್ಟವರಲ್ಲ. ಅವಳಿಗೆ ಜ್ವರ ಬಂದರೆ ಗಂಜಿ ಕಾಯಿಸುತ್ತಿದ್ದರು. ಆದರೆ ಊರಿನವರ ದುಃಖಕ್ಕೆಲ್ಲ ಗಂಟೆಗಟ್ಟಲೆ ಕಿವಿ ಕೊಡುವ ಮನುಷ್ಯ ಮನೆಗೆ ಬಂದು ಪೇಪರು ಬಿಚ್ಚಿದರೆ, ಆ ಪೇಪರಿನ ಆಚೆಗೆ ಅವಳ ಧ್ವನಿ ಹೋಗುತ್ತಿರಲಿಲ್ಲ. ತಾನೇ ಹೆಸರೆತ್ತೋಣವೆಂದು ಎಷ್ಟೋ ಸಲ ಬಾಯಿ ತೆರೆದಿದ್ದಳು. ಅವರು ಕುಸಿದುಬಿಟ್ಟರೆ ಎಂಬ ಭಯ. "ಕಾಫಿ ಕೊಡಲಾ?" ಎಂದು ಕೇಳಿ ಮುಗಿಸುತ್ತಿದ್ದಳು.

* * *

"ಅಕ್ಕ, ಗೇಟಿನ ಹತ್ತಿರ ಯಾರ್‍ಯಾರೋ ಬಂದು ನಿಂತಿದಾರೆ," ಎಂದು ಕಿಟ್ಟಿ ಕಿವಿಯಲ್ಲಿ ಹೇಳಿದ.

ಚೂಡಾಮಣಿ ಕಿಟಕಿಯಿಂದ ನೋಡಿದಳು. ಹತ್ತು ಹನ್ನೆರಡು ಜನ. ಪೇಟ ಸುತ್ತಿದ ಮುದುಕ, ಇಸ್ತ್ರಿ ಪ್ಯಾಂಟಿನ ಗುಮಾಸ್ತ, ಕಾಲೇಜು ಪುಸ್ತಕ ಎದೆಗವಚಿಕೊಂಡ ಹುಡುಗಿ, ಸೊಪ್ಪಿನ ಬುಟ್ಟಿ ಇಳಿಸಿಕೊಂಡ ಹೆಂಗಸು. ಒಬ್ಬರಿಗೊಬ್ಬರು ಮಾತಾಡದೆ ದೂರ ದೂರ ನಿಂತಿದ್ದರು.

"ಕೇಳಿದೆ. ಆ ತಾತ ಮಾರ್ಕೆಟ್ಟಿಗೆ ಹೋಗ್ತಿದ್ದೆ ಅಂದ. ಪ್ಯಾಂಟಿನವರು ಬಸ್ಸಿಗೆ ಕಾಯ್ತಿದೀನಿ ಅಂತಾರೆ. ಈ ರೋಡಲ್ಲಿ ಬಸ್ಸೆಲ್ಲಿದೆ? ಹೋಗಿ ಅನ್ನಲಾ?"

ಚೂಡಾಮಣಿ ಮೇಜಿನ ಮೇಲಿನ ಕಟ್ಟನ್ನು ನೋಡಿದಳು.

"ಇರಲಿ ಬಿಡು. ಅವರ ಹೆಸರು ಕೇಳಬೇಡ. ಎತ್ತೋಕೆ ಮುಂಚೆ ಎಲ್ಲರೂ ನೋಡ್ಕೊಂಡು ಹೋಗಲಿ."

ಪುರೋಹಿತರು ಗಡಿಯಾರ ನೋಡಿಕೊಂಡರು. ಗೇಟಿನಲ್ಲಿದ್ದವರು ಒಬ್ಬೊಬ್ಬರಾಗಿ ಬಂದರು. ಪೇಟದ ಮುದುಕ ಕೈಮುಗಿದುಕೊಂಡೇ ಬಹಳ ಹೊತ್ತು ನಿಂತ. ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡು ಓಡಿಹೋದಳು. ಹತ್ತೂವರೆಗೆ ಗಂಡಸರು ಚಟ್ಟ ಎತ್ತಿದರು. ಮಡಕೆ ಹಿಡಿದ ಡಾಕ್ಟರ ತಮ್ಮ ಮುಂದೆ, ಹಿಂದೆ ನೆಂಟರು, ಅವರ ಹಿಂದೆ ಇಪ್ಪತ್ತು ಮಾರು ಬಿಟ್ಟು ಆ ಹೆಸರಿಲ್ಲದವರು. ತಿರುವಿನಲ್ಲಿ ಎಲ್ಲರೂ ಮರೆಯಾದರು.

ಹೆಂಗಸರು ಮನೆ ತೊಳೆಯತೊಡಗಿದರು. ಚೂಡಾಮಣಿ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಹಿತ್ತಿಲಿಗೆ ಬಂದಾಗ ಸೊಪ್ಪಿನ ಹೆಂಗಸು ಬೇಲಿಯ ಹತ್ತಿರ ಕೂತಿದ್ದಳು.

"ನೀನು ಹೋಗಲಿಲ್ವೇನಮ್ಮ?"

"ನಿಮ್ಮನ್ನ ನೋಡ್ಕೊಂಡು ಹೋಗುವಾ ಅಂತ ಕುಂತೆ ಕಣಮ್ಮಾ. ಬಿಳೇಕಹಳ್ಳಿ. ಬೈರಮ್ಮ ಅಂತ." ಆಕೆ ತಗ್ಗಿದ ಧ್ವನಿಯಲ್ಲಿ ಹೇಳಿದಳು. "ಎಂಟು ವರ್ಸದ ಹಿಂದೆ ನಾನು ಬಾವಿಗೆ ಬಿದ್ದಿದ್ದೆ. ಕಾಲು ಜಾರ್ತು ಅಂತ ಊರಿಗೆಲ್ಲಾ ಹೇಳಿದ್ದು. ಡಾಕ್ಟ್ರಿಗೊಬ್ರಿಗೇ ನಿಜ ಹೇಳಿದ್ದೆ."

* * *

ಆ ವರ್ಷ ಡಾಕ್ಟರು ನಾಲ್ಕು ಗುರುವಾರ ಬಿಳೇಕಹಳ್ಳಿಗೆ ಸೈಕಲ್ಲಿನಲ್ಲಿ ಬಂದಿದ್ದರು. ಮೊದಲ ಮೂರು ಸಲ ಬೈರಮ್ಮ ‘ಕಾಲು ಜಾರ್ತು’ ಎಂದಳು. ಅವರು ಇಲ್ಲವೆನ್ನಲಿಲ್ಲ, ಹುಣಸೆಮರದ ಕೆಳಗೆ ಸ್ವಲ್ಪ ಹೊತ್ತು ಕೂತು, ಮಜ್ಜಿಗೆ ಕುಡಿದು ಹೋದರು. ಅವಳನ್ನು ‘ನೀವು’ ಎನ್ನುತ್ತಿದ್ದರು. ಅಲ್ಲಿಯತನಕ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ.

ನಾಲ್ಕನೆಯ ಸಲ, ಯಾಕೆ ಎಂದು ಕೇಳುವ ಬದಲು, "ಅವತ್ತು ಏನೇನು ಕೆಲಸ ಮಾಡಿದ್ರಿ?" ಎಂದರು.

"ರಾಗಿ ಬೀಸಿದೆ. ಎಮ್ಮೆಗೆ ನೀರು ಇಟ್ಟೆ. ಸಂಜೆ ಹಾಲಿಗೆ ಹೆಪ್ಪು ಹಾಕ್ದೆ."

"ಹೆಪ್ಪು ಯಾಕೆ ಹಾಕಿದ್ರಿ?"

"ನಾಳೀಕೆ ಮೊಸರು ಬೇಕಲ್ಲ ಸಾಮಿ," ಎಂದವಳು ಅಲ್ಲಿಗೇ ನಿಂತಳು. ಆಮೇಲೆ ತಡೆಯಲಾಗಲಿಲ್ಲ. ಹೆರಿಗೆಯಲ್ಲಿ ಹೋದ ಗಂಡುಮಗು, ಹಾಲು ತುಂಬಿ ನೋಯುತ್ತಿದ್ದ ಎದೆ, ಅತ್ತೆಯ ಮಾತು, ಯಾವುದೂ ಬೇಡವೆನಿಸಿದ ಎರಡು ತಿಂಗಳು, ಎಲ್ಲ ಹೇಳಿದಳು. ಡಾಕ್ಟರು ಬರೆಯುವುದನ್ನು ಬಿಟ್ಟು ಕೇಳಿದರು.

ಅತ್ತು ಮುಗಿದ ಮೇಲೆ ಅವಳು ಕಣ್ಣೊರೆಸಿಕೊಂಡು ಕೇಳಿದಳು: "ನಿಮಗೆಷ್ಟು ಮಕ್ಕಳು ಸಾಮಿ?"

ಅವರು ಪುಸ್ತಕ ಮುಚ್ಚಿದರು.

* * *

"‘ಒಂದು ಹೆಣ್ಣು, ಭಾಮೆ ಅಂತ’ ಅಂದ್ರು," ಎಂದಳು ಬೈರಮ್ಮ.

ಚೂಡಾಮಣಿ ಕಲ್ಲಿನ ಮೇಲೆ ಕೂತುಬಿಟ್ಟಳು. ಹತ್ತು ವರ್ಷ ದಾಟಿತ್ತು, ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ.

"ಇನ್ನೇನಂದ್ರು?"

"ಎದೆ ನೋಡ್ತಾರಲ್ಲ, ಆ ರಬ್ಬರು ನಳಿಕೆ. ಅದನ್ನ ಮಗು ಕಿವಿಗಿಟ್ಕೊಂಡು ಗೋಡೆಗೆ ಹಚ್ಚಿ ಕೇಳ್ತಿತ್ತಂತೆ. ಗೋಡೆ ಮಲಗಿದೆ ಅಂತ ಬಾಯಿ ಮೇಲೆ ಬೆರಳು ಇಟ್ಕೊಳ್ತಿತ್ತಂತೆ. ಹೇಳ್ತಾ ನಕ್ಕರು. ಆಮೇಲೆ ಕಣ್ಣಲ್ಲಿ ನೀರು."

"ಅದನ್ನ ನಾನೊಬ್ಬಳೇ ನೋಡಿದ್ದು ಅಂದ್ಕೊಂಡಿದ್ದೆ." ಚೂಡಾಮಣಿ ಒದ್ದೆ ಸೆರಗಿನ ತುದಿ ಹಿಂಡಿದಳು. "ನನ್ನ ಹತ್ತಿರ ಯಾಕೆ ಆಡಲಿಲ್ಲ ಅವರು?"

"ನಾನೂ ಕೇಳ್ದೆ ಕಣಮ್ಮಾ. ‘ಅವಳು ಹೆಂಗೋ ನಿಂತ್ಕೊಂಡಿದಾಳೆ. ನಾನು ಹೆಸರೆತ್ತಿ ಅವಳು ಕುಸಿದುಬಿಟ್ರೆ ಎತ್ತೋ ಶಕ್ತಿ ನನಗಿಲ್ಲ. ಊರಿಗೆಲ್ಲಾ ಹೇಳ್ತೀನಿ, ನನ್ನ ಮನೇಲಿ ಆಗ್ತಿಲ್ಲ’ ಅಂದ್ರು. ಆಮೇಲೂ ಸಿಕ್ಕಾಗೆಲ್ಲಾ ನಾನೇ ಕೇಳ್ತಿದ್ದೆ, ಹೇಳಿದ್ರಾ ಸಾಮಿ ಅಂತ. ಈ ಸಲ ಹೇಳ್ತೀನಿ ಬೈರಮ್ಮ ಅನ್ನೋರು."

ಒಳಗೆ ಯಾರೋ ನೀರು ಚೆಲ್ಲಿ ಪೊರಕೆಯಲ್ಲಿ ಗುಡಿಸುತ್ತಿದ್ದರು. "ಚೂಡಾ, ಒದ್ದೇಲಿ ಎಷ್ಟು ಹೊತ್ತು ಇರ್ತೀಯೇ?" ಎಂದು ಅತ್ತಿಗೆ ಸರಸ್ವತಿ ಕೂಗಿದಳು. ಚೂಡಾಮಣಿ ಬೈರಮ್ಮನ ಕಡೆಗೇ ತಿರುಗಿದ್ದಳು.

"ಈ ತಿಂಗಳಿಗೆ ಹನ್ನೆರಡು ತುಂಬ್ತಿತ್ತು ಅವಳಿಗೆ," ಎಂದಳು. "ಇಷ್ಟೆತ್ತರ ಇರ್ತಿದ್ದಳೋ ಏನೋ." ಎದ್ದು ನಿಂತು, ಅಂಗೈಯನ್ನು ಸೊಂಟದ ಮಟ್ಟಕ್ಕೆ ಗಾಳಿಯಲ್ಲಿ ಚಾಚಿದಳು.

ಬೈರಮ್ಮ ನೋಡಿದಳು. ಸೂತಕದ ದಿನ ಮುಟ್ಟಬಹುದೋ ಬಾರದೋ ಎಂದು ಯೋಚಿಸದೆ, ಆ ಒದ್ದೆ ಮಣಿಕಟ್ಟನ್ನು ಹಿಡಿದು ಮೇಲಕ್ಕೆತ್ತುತ್ತ ಹೋದಳು.

"ಹನ್ನೆರಡು ಅಂದ್ರೆ ಇನ್ನೂ ಬೆಳೀತಾರೆ ಕಣಮ್ಮಾ," ಎಂದು, ಚೂಡಾಮಣಿಯ ಅಂಗೈಯನ್ನು ಅವಳದೇ ಭುಜದ ಸಮಕ್ಕೆ ತಂದು ನಿಲ್ಲಿಸಿ ಕೈಬಿಟ್ಟಳು.

ಚೂಡಾಮಣಿ ಕೈ ಇಳಿಸಲಿಲ್ಲ. ಬಿಸಿಲು ಏರುತ್ತಿತ್ತು. ಚಾಚಿದ ಬೆರಳುಗಳು, ಹೆರಳಿಗೆ ಸಿಕ್ಕದ ಕೂದಲನ್ನು ಸವರಿ ಸರಿಮಾಡುವಂತೆ, ಗಾಳಿಯಲ್ಲಿ ಒಮ್ಮೆ ಮೆಲ್ಲನೆ ಆಡಿದವು.