ಹದಿನೇಳು ಖಾಲಿ ಕಾರ್ಡುಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಚ್ಚುಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರಲಿ. ಮೂಗು ನನ್ನದು, ಸಿಟ್ಟೂ ನನ್ನದು. ಆದರೆ ಆ ಪ್ರೊಫೆಸರರು ನನ್ನ ಅಕ್ಕನ ಕಾರ್ಡುಗಳನ್ನು ಎರಡೇ ಬೆರಳಲ್ಲಿ ಹಿಡಿದು, ನೆಲ ಒರೆಸುವ ಬಟ್ಟೆ ಎತ್ತಿದಂತೆ ಎತ್ತಿ ನೋಡಿದರಲ್ಲ, ಆಗಲೂ ಸಿಟ್ಟು ಬರದಿದ್ದರೆ ನಾನು ಅವಳ ಒಡಹುಟ್ಟಿದವಳೇ ಅಲ್ಲ.

ಮೊದಲು ಅಕ್ಕನ ವಿಷಯ ಹೇಳಬೇಕು. ಅವಳು ಒಂದು ದೊಡ್ಡ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದಳು. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆ, ಕಿವಿಗೆ ಹೆಡ್‌ಫೋನು, ಎದುರಿಗೆ ಮಿನುಗುವ ದೀಪಗಳ ಫಲಕ. ಎಲ್ಲೆಲ್ಲಿಂದಲೋ ರೋಗಿಗಳು ಬರುವ ಆಸ್ಪತ್ರೆಯಾದ್ದರಿಂದ ಅರ್ಧಕ್ಕರ್ಧ ಮಾತು ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಅಕ್ಕ ಓದಿದ್ದು ಹತ್ತನೇ ಕ್ಲಾಸು.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಒಬ್ಬ ಡಾಕ್ಟರು ಅವಸರದಲ್ಲಿ ಫೋನು ಮಾಡಿ, ರಕ್ತಪರೀಕ್ಷೆಗೆ ಬಂದಿದ್ದ ಒಬ್ಬನ ಹೆಸರು ಹೇಳಿ, "ಹಿ ಹ್ಯಾಸ್ ಪಾಸ್ಡ್ ಔಟ್, ಮನೆಯವರಿಗೆ ತಿಳಿಸಿ" ಎಂದರು. 'ಪಾಸ್ಡ್ ಅವೇ' ಎಂದರೆ ತೀರಿಕೊಂಡರು ಎಂದು ಅಕ್ಕನಿಗೆ ಗೊತ್ತಿತ್ತು. ಔಟ್ ಆದರೇನು, ಅವೇ ಆದರೇನು, ಹೋದವರು ಹೋದ ಹಾಗೇ ಎಂದುಕೊಂಡಳು. ಅವನ ಹೆಂಡತಿಗೆ ಫೋನು ಮಾಡಿ ಸಾವಿನ ಸುದ್ದಿ ಹೇಳಿಬಿಟ್ಟಳು. ಆತ ಬರೀ ಎಚ್ಚರ ತಪ್ಪಿ ಬಿದ್ದಿದ್ದ. ಹೆಂಡತಿ ಎದ್ದುಬಿದ್ದು ಓಡಿ ಬಂದು ನೋಡಿದರೆ ಮಂಚದ ಮೇಲೆ ಕೂತು ನೀರು ಕುಡಿಯುತ್ತಿದ್ದಾನೆ. ಆಕೆ ನೆಲಮಾಳಿಗೆಗೆ ಇಳಿದು ಬಂದಳು. ಬೈಯಲಿಲ್ಲ, ಕೂಗಾಡಲಿಲ್ಲ, ಬಾಗಿಲಲ್ಲಿ ನಿಂತು ಅಕ್ಕನನ್ನು ಒಂದು ಸಲ ನೋಡಿ ಹೊರಟುಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ.

ಮಾರನೆಯ ದಿನದಿಂದ ಕಾರ್ಡು ಶುರುವಾಯಿತು. ಹಳೆಯ ಅಪಾಯಿಂಟ್‌ಮೆಂಟ್ ಕಾರ್ಡುಗಳ ಬೆನ್ನು ಖಾಲಿಯಿರುತ್ತಿತ್ತು. ಮೇಲೆ ಇಂಗ್ಲಿಷ್ ಕ್ರಿಯಾಪದ ಮತ್ತು ಅದರ ಬಾಲಕ್ಕೆ ಅಂಟಿಕೊಂಡ ಸಣ್ಣ ಪದ. ನಡುವೆ ಕಿವಿಗೆ ಬಿದ್ದ ವಾಕ್ಯ, ಬಿದ್ದ ಹಾಗೆಯೇ. ಅದರ ಕೆಳಗೆ ಕನ್ನಡದಲ್ಲಿ ಅರ್ಥ. ಕೊನೆಯ ಸಾಲಿನಲ್ಲಿ ಯಾರು ಹೇಳಿದ್ದು, ಎಲ್ಲಿ, ಎಷ್ಟು ಹೊತ್ತಿಗೆ. ಕೊನೆಯ ಸಾಲು ಇಲ್ಲದಿದ್ದರೆ ಅಕ್ಕನ ಪಾಲಿಗೆ ಅದು ಕಾರ್ಡೇ ಅಲ್ಲ.

'ಪುಟ್' ಒಂದಕ್ಕೇ ಅರವತ್ತು ಕಾರ್ಡು. ಪುಟ್ ಆನ್ ಎಂದರೆ ತೊಡುವುದು. ಹಾಗಾದರೆ ಪುಟ್ ಆಫ್ ಎಂದರೆ ಬಿಚ್ಚುವುದು ತಾನೇ? ಅಲ್ಲ, ಮುಂದೂಡುವುದು. ಬಿಚ್ಚುವುದು ಟೇಕ್ ಆಫ್. ವಿಮಾನ ಮೇಲೇರುವುದೂ ಟೇಕ್ ಆಫ್. ಪುಟ್ ಅಪ್ ವಿತ್ ಎಂದರೆ ಸಹಿಸಿಕೊಳ್ಳುವುದು. ಹೇಳಿದ್ದು ಒಂಬತ್ತನೇ ವಾರ್ಡಿನ ಅಜ್ಜಿ, ಪಕ್ಕದ ಮಂಚದ ಗೊರಕೆಯ ಬಗ್ಗೆ, ಬೆಳಿಗ್ಗೆ ಆರು ಗಂಟೆಗೆ.

"ಇದಕ್ಕೆಲ್ಲ ಏನಾದ್ರೂ ನ್ಯಾಯ ಅಂತ ಇದೆಯಾ ಅಕ್ಕಾ?" ಎಂದು ಒಮ್ಮೆ ಕೇಳಿದ್ದೆ.

"ಇಲ್ಲ ಕಣೇ. ಅದಕ್ಕೇ ಕೇಳಿಸ್ಕೋಬೇಕು," ಎಂದಿದ್ದಳು.

ಹೊಸದಾಗಿ ಸೇರಿದ ನರ್ಸುಗಳು, ಸ್ಟ್ರೆಚರ್ ತಳ್ಳುವವರು, ನೆಲ ಒರೆಸುವ ಹೆಂಗಸರು, ಎಲ್ಲರೂ ಟೀ ಹೊತ್ತಿನಲ್ಲಿ ನೆಲಮಾಳಿಗೆಗೆ ಇಳಿದು ಬಂದು ಕಾರ್ಡು ನೋಡಿ ಹೋಗುತ್ತಿದ್ದರು. ಅಕ್ಕ ನಿವೃತ್ತಳಾದಾಗ ಚಪ್ಪಲಿ ಡಬ್ಬಗಳಲ್ಲಿ ಸಾವಿರದ ನೂರು ಕಾರ್ಡು ಮನೆಗೆ ಬಂದವು. ನಾನು ಅಚ್ಚುಮನೆಯಲ್ಲಿ ಪುಟ ಕಟ್ಟುವವಳು. ಇದು ಪುಸ್ತಕವಾಗಬೇಕು, ಅಕ್ಕನ ಹೆಸರಿನಲ್ಲಿ ಆಗಬೇಕು ಎಂದು ಹಟ ಹಿಡಿದೆ. ಎಂಟು ತಿಂಗಳು ಸಂಜೆಯ ಹೊತ್ತು ಕೂತು ಒಂದೊಂದನ್ನೂ ಟೈಪು ಮಾಡಿದೆ. ಅಚ್ಚುಮನೆಯ ಯಜಮಾನರು ಒಪ್ಪಿದರು, ಆದರೆ ಒಂದು ಷರತ್ತು: ಅವರಿಗೆ ಪರಿಚಯವಿದ್ದ ಇಂಗ್ಲಿಷ್ ಪ್ರೊಫೆಸರರು ನೋಡಿ ಮುನ್ನುಡಿ ಬರೆಯಬೇಕು. ಅವರ ಹೆಸರಿದ್ದರೆ ಕಾಲೇಜಿನವರು ಕಣ್ಣು ಮುಚ್ಚಿಕೊಂಡು ಕೊಳ್ಳುತ್ತಾರೆ.

ತೊಂದರೆ ಇದ್ದದ್ದು ಹದಿನೇಳು ಕಾರ್ಡುಗಳಲ್ಲಿ. ಅವುಗಳ ಮೇಲೆ ಪದ ಮತ್ತು ಅರ್ಥ ಮಾತ್ರ ಇತ್ತು. ಇಂಥ ಬಳಕೆ ಇದೆ ಎಂದು ಅಕ್ಕನಿಗೆ ಗೊತ್ತು, ಯಾರ ಬಾಯಿಂದಲೂ ಕೇಳಿಲ್ಲ, ಆದ್ದರಿಂದ ವಾಕ್ಯವಿಲ್ಲ. "ಅಚ್ಚಾಗೋ ಪುಸ್ತಕದಲ್ಲಿ ಖಾಲಿ ಜಾಗ ಬಿಡೋಕಾಗುತ್ತೇನಮ್ಮ? ನೀನೇ ಏನಾದ್ರೂ ಬರೆದು ತುಂಬು," ಎಂದರು ಯಜಮಾನರು. ನಾನು ತುಂಬಿದೆ. ಒಂದೇ ಮಧ್ಯಾಹ್ನ, ಹದಿನೇಳೂ. ವಾಕ್ಯ ಮಾತ್ರವಲ್ಲ, ಹೇಳಿದವರು, ಜಾಗ, ಹೊತ್ತು, ಎಲ್ಲವನ್ನೂ ಕಟ್ಟಿ ಬರೆದೆ. ಪ್ರೊಫೆಸರರನ್ನು ಬೈಯುವ ಮೊದಲು ನನ್ನನ್ನೇ ಬೈದುಕೊಳ್ಳಬೇಕು, ಅದಕ್ಕೇ ಇದನ್ನು ಮುಚ್ಚಿಡುತ್ತಿಲ್ಲ.

ಅಕ್ಕ ಊಟದ ಮೇಜಿನ ಮೇಲೆ ಕರಡು ಹರಡಿಕೊಂಡು ಓದುತ್ತಾ ಬಂದಳು. 'ಟಾಕ್ ಡೌನ್ ಟು' ಎಂಬಲ್ಲಿ ಅವಳ ಬೆರಳು ನಿಂತಿತು. ನಿನಗೇನು ತಿಳಿಯುತ್ತದೆ ಎಂಬ ಧಾಟಿಯಲ್ಲಿ, ಎದುರಿನವರನ್ನು ಕೀಳು ಮಾಡಿ ಮಾತಾಡುವುದು ಎಂದು ಅದರ ಅರ್ಥ. ಡಾಕ್ಟರುಗಳು ನರ್ಸುಗಳ ಜೊತೆ ಹಾಗೆ ಮಾತಾಡಬಾರದು ಎಂದು ಒಂದು ಇಂಗ್ಲಿಷ್ ವಾಕ್ಯ ಹೊಸೆದು, ಕೆಳಗೆ 'ಮೂರನೇ ವಾರ್ಡಿನ ನರ್ಸ್, ಫೋನಿನಲ್ಲಿ, ಮಧ್ಯಾಹ್ನ ಎರಡು ಗಂಟೆ' ಎಂದು ಹಾಕಿದ್ದೆ.

"ಮೂರನೇ ವಾರ್ಡಲ್ಲಿ ಫೋನೇ ಇರ್ಲಿಲ್ಲ," ಎಂದಳು ಅಕ್ಕ.

ಅವಳು ಎದ್ದು ಹೋಗಿ ಡಬ್ಬದಿಂದ ಆ ಖಾಲಿ ಕಾರ್ಡನ್ನು ಹುಡುಕಿ ತಂದು ಕರಡಿನ ಪಕ್ಕದಲ್ಲಿಟ್ಟಳು.

"ಯಾರೇ ಈ ನರ್ಸು?"

"ಯಾರೋ ಒಬ್ಳು. ಹಾಗೆ ಹೇಳೋರು ಇರಲ್ವಾ?"

"ಇರ್ತಾರೆ. ಇವಳು ಇಲ್ಲ."

ನನಗೆ ಮೈಯೆಲ್ಲ ಉರಿಯಿತು. ಸಾವಿರದ ನೂರರಲ್ಲಿ ಹದಿನೇಳು ಯಾವ ದೊಡ್ಡ ವಿಷಯ, ಎಂಟು ತಿಂಗಳು ಕಣ್ಣು ಕಳೆದುಕೊಂಡವಳು ನಾನು, ಪುಸ್ತಕ ನಿಂತುಹೋದರೆ ನಿನಗೇನು ಸಿಗುತ್ತದೆ ಎಂದು ಬಾಯಿಗೆ ಬಂದದ್ದೆಲ್ಲ ಆಡಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಕೇಳಿಸಿಕೊಳ್ಳುವುದೇ ಅವಳ ಕಸುಬಲ್ಲವೇ.

"ನಾನು ಒಂದೇ ಒಂದು ಮಾತನ್ನ ಊಹೆ ಮಾಡಿ ಹೇಳಿದ್ದೆ," ಎಂದಳು ಆಮೇಲೆ. "ಆ ಹೆಂಗಸಿನ ಮುಖ ಇನ್ನೂ ನನ್ನ ಕಣ್ಣಿಂದ ಹೋಗಿಲ್ಲ."

ಸೋತ ದನಿಯಲ್ಲಿ ಕೇಳಿದೆ: "ಅಲ್ಲ, ಇಪ್ಪತ್ತೆರಡು ವರ್ಷದಲ್ಲಿ ನಿನ್ನ ಹತ್ರ ಯಾರೂ ಹಾಗೆ ಕೀಳಾಗಿ ಮಾತಾಡಿಲ್ವಾ?"

"ದಿನಾ ಮಾತಾಡಿದ್ದಾರೆ. ಆದ್ರೆ ನೀವು ಹಾಗೆ ಮಾತಾಡ್ತಿದ್ದೀರಿ ಅಂತ ಅವರ ಮುಖಕ್ಕೆ ಹೇಳಿದೋರು ಒಬ್ರೂ ಇಲ್ಲ. ನಾನೂ ಹೇಳ್ಲಿಲ್ಲ." ಖಾಲಿ ಕಾರ್ಡನ್ನು ಮತ್ತೆ ಡಬ್ಬಕ್ಕೆ ಹಾಕಿದಳು. ಮಾರನೆಯ ದಿನ ಹದಿನೇಳು ವಾಕ್ಯಗಳನ್ನೂ ನಾನೇ ಅಳಿಸಿದೆ.

ಆ ವಾರವೇ ಪ್ರೊಫೆಸರರು ಅಚ್ಚುಮನೆಗೆ ದಯಮಾಡಿಸಿದರು. ಯಜಮಾನರ ಕೋಣೆಯಲ್ಲಿ ಒಳ್ಳೆಯ ಕುರ್ಚಿ ಅವರಿಗೆ, ಪ್ಲಾಸ್ಟಿಕ್ ಸ್ಟೂಲು ಅಕ್ಕನಿಗೆ, ನನಗೆ ಗೋಡೆ. ಕಾಗದ ಕತ್ತರಿಸುವ ಯಂತ್ರದ ಸದ್ದು ಒಳಗೆ ಬರದಿರಲಿ ಎಂದು ಬಾಗಿಲು ಮುಚ್ಚಿದ್ದರು. ಅಕ್ಕ ತೊಡೆಯ ಮೇಲೆ ಒಂದು ಡಬ್ಬ ಇಟ್ಟುಕೊಂಡು ಕೂತಿದ್ದಳು. ಪ್ರೊಫೆಸರರು ಅದರಿಂದ ಒಂದು ಕಾರ್ಡು ಎತ್ತಿದರು. ಎರಡು ಬೆರಳಿನ ವಿಷಯ ಆಗಲೇ ಹೇಳಿದೆನಲ್ಲ, ಆ ಕಾರ್ಡು.

"ಹಿ ಥ್ರೂ ಅಪ್ ಆನ್ ಮಿ ಟ್ವೈಸ್," ಎಂದು ಓದಿದರು. ರೋಗಿ ನನ್ನ ಮೇಲೆ ಎರಡು ಸಲ ವಾಂತಿ ಮಾಡಿದ ಎಂದು ಸ್ಟ್ರೆಚರ್ ತಳ್ಳುವವನು ಹೇಳಿದ ಮಾತು ಅದು. "ಇದು ಪುಸ್ತಕದಲ್ಲಿ ಇರೋ ಮಾತೇನಮ್ಮ?"

"ಆಸ್ಪತ್ರೆಯಲ್ಲಿ ಇರೋ ಮಾತು ಸಾರ್," ಎಂದಳು ಅಕ್ಕ.

ಅವರು ಮೂಗು ಮುರಿದರು. ಆಮೇಲೆ ತೀರ್ಪು ಶುರುವಾಯಿತು. ಸ್ಟ್ರೆಚರಿನವನು, ಅಡುಗೆಯವಳು, ಡ್ರೈವರು, ಗೊರಕೆಯ ಅಜ್ಜಿ, ಇವರ ಮಾತುಗಳನ್ನೆಲ್ಲ ತೆಗೆಯಬೇಕು. ಅಲ್ಲಿ ಶುದ್ಧವಾದ ವಾಕ್ಯಗಳನ್ನು ಅವರೇ ಬರೆದು ಕೊಡುತ್ತಾರೆ. ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂಬ ಸಾಲು ಬೇಡವೇ ಬೇಡ. ಹದಿನೇಳು ಖಾಲಿ ಜಾಗಗಳನ್ನು ಟೀ ಕುಡಿದು ಮುಗಿಸುವಷ್ಟರಲ್ಲಿ ತುಂಬಿಬಿಡಬಹುದು. ಇಷ್ಟೆಲ್ಲ ಅವರೇ ಮಾಡುವುದರಿಂದ ರಕ್ಷಾಪುಟದ ಮೇಲೆ ಅವರ ಹೆಸರು. ಅಕ್ಕನನ್ನು ಒಳಗೆ ಒಂದು ಕಡೆ ನೆನೆಯಬಹುದು.

ಒಬ್ಬಳು ಇಪ್ಪತ್ತೆರಡು ವರ್ಷ ಕಿವಿಯಿಟ್ಟು ಕೂಡಿಸಿದ್ದನ್ನು ಒಂದು ಕಪ್ ಟೀ ಹೊತ್ತಿನಲ್ಲಿ ನುಂಗಿ ನೀರು ಕುಡಿಯಲು ಹೊರಟಿದ್ದರು. ನಾನು ಹಲ್ಲು ಕಚ್ಚಿ ನಿಂತೆ. ಯಜಮಾನರು ತಮ್ಮ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ನೋಡುತ್ತಿದ್ದರು.

"ಆ ಜನ ಹಾಗೇ ಮಾತಾಡಿದ್ದು ಸಾರ್. ನಾನು ಕೇಳಿದ್ದೀನಿ," ಎಂದಳು ಅಕ್ಕ.

ಪ್ರೊಫೆಸರರು ಮುಂದಕ್ಕೆ ಬಾಗಿದರು. ಕಿವುಡರಿಗೆ ಹೇಳುವಂತೆ ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ಹೇಳಿದರು: "ನೋಡಮ್ಮ. ನೀನು, ಫೋನು ಎತ್ತುತ್ತಿದ್ದೋಳು. ಫೋನು ಎತ್ತೋದು ಬೇರೆ. ಭಾಷೆ ಬೇರೆ. ಗೊತ್ತಾಯ್ತಾ?" ಅದೂ ಸಾಲದೆ ಇಂಗ್ಲಿಷಿನಲ್ಲಿ, ಇನ್ನೂ ನಿಧಾನವಾಗಿ, "ಡು ಯೂ ಅಂಡರ್‌ಸ್ಟ್ಯಾಂಡ್?"

ಅಕ್ಕನ ಕೈ ಡಬ್ಬದ ಅಂಚನ್ನು ಹಿಡಿದುಕೊಂಡಿತು. ಅವಳು ಏನೂ ಹೇಳಲಿಲ್ಲ. ನೆಲಮಾಳಿಗೆಯಲ್ಲಿ ಅಷ್ಟೂ ವರ್ಷ ಹೀಗೇ ಕೂತಿದ್ದಳು ಎಂದು ನನಗೆ ಆಗ ಕಣ್ಣಿಗೆ ಕಟ್ಟಿತು.

ನಾನು ಇಂಗ್ಲಿಷನ್ನು ಟೈಪು ಮಾಡುವವಳು, ಹೆಚ್ಚೆಂದರೆ ಬರೆಯುವವಳೇ ಹೊರತು ಆಡುವವಳಲ್ಲ. ಅಂಗಡಿಯಲ್ಲೂ ಆಡಿದ್ದಿಲ್ಲ. ಎಲ್ಲಿತ್ತೋ, ಹೇಗೆ ಬಂತೋ, ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ಅವರ ಮುಖಕ್ಕೇ ಹೇಳಿದೆ.

"ಡೋಂಟ್ ಯೂ ಟಾಕ್ ಡೌನ್ ಟು ಮೈ ಸಿಸ್ಟರ್."

ಕೆಲಸ ಹೋಯಿತು, ಪುಸ್ತಕವೂ ಹೋಯಿತು ಎಂದುಕೊಂಡೆ. ಆಗ ಡಬ್ಬದಲ್ಲಿ ಕಾರ್ಡುಗಳು ಸರಿದ ಸದ್ದಾಯಿತು. ಅಕ್ಕ ಒಂದು ಕಾರ್ಡು ಹೊರಗೆಳೆದು, ಬ್ಯಾಗಿನಿಂದ ಪೆನ್ಸಿಲು ತೆಗೆದು, ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದಳು.

"ಹನ್ನೊಂದು ಇಪ್ಪತ್ತು," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಬರೆಯತೊಡಗಿದಳು.

"ಏನದು ಬರೀತಿರೋದು?" ಎಂದರು ಪ್ರೊಫೆಸರರು.

"ಒಂದು ಖಾಲಿ ಇತ್ತು ಸಾರ್. ತುಂಬ್ತು." ಬರೆದು ಮುಗಿಸಿ ಕಾರ್ಡನ್ನು ಅದರ ಜಾಗಕ್ಕೆ ಸೇರಿಸಿ ಮುಚ್ಚಳ ಹಾಕಿದಳು. "ಅರ್ಥ ಆಯ್ತಾ ಅಂತ ಕೇಳಿದ್ರಲ್ಲ. ಆಯ್ತು. ಪುಸ್ತಕ ಬಂದ್ರೆ ಹೀಗೇ ಬರ್ಲಿ. ಇಲ್ಲಾಂದ್ರೆ ಬರೋದೇ ಬೇಡ."

ಪ್ರೊಫೆಸರರು ಟೀ ಅರ್ಧಕ್ಕೇ ಬಿಟ್ಟು ಹೋದರು. ಯಜಮಾನರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಆದರೆ ಒಂದು ವಾರ ಮುಖ ಕೊಟ್ಟು ಮಾತಾಡಲೂ ಇಲ್ಲ. ಎಂಟನೆಯ ದಿನ ನಮ್ಮ ಮನೆಗೇ ಬಂದು, ಕಾಲೇಜುಗಳ ಆಸೆ ಬಿಟ್ಟುಬಿಡಿ, ಆಸ್ಪತ್ರೆಯ ನರ್ಸುಗಳ ಹಾಸ್ಟೆಲಿನವರು ಎಷ್ಟು ಕೇಳುತ್ತಾರೋ ಅಷ್ಟನ್ನು ಮಾತ್ರ ಹಾಕುತ್ತೇನೆ ಎಂದರು. ಅಷ್ಟು ಸಾಕು ಎಂದಳು ಅಕ್ಕ. ಉಳಿದ ಹದಿನಾರು ಖಾಲಿ ಜಾಗಕ್ಕೆ ಏನು ಮಾಡುವುದು ಎಂದು ಅವರು ಕೇಳಿದ್ದಕ್ಕೆ, "ಗೆರೆ ಎಳೆದು ಬಿಟ್ಬಿಡಿ. ಯಾರಿಗೆ ಕೇಳಿಸುತ್ತೋ ಅವರು ಬರ್ಕೊಳ್ಳಲಿ," ಎಂದಳು.

'ಟಾಕ್ ಡೌನ್ ಟು' ಇದ್ದ ಪುಟವನ್ನು ನಾನೇ ಕಟ್ಟಿದೆ. ಕಾರ್ಡಿನ ಕೊನೆಯ ಸಾಲಿನಲ್ಲಿ ಅಕ್ಕನ ಕೈಬರಹ ಹೀಗಿತ್ತು: ತಂಗಿ, ಅಚ್ಚುಮನೆಯ ಯಜಮಾನರ ಕೋಣೆ, ಬೆಳಿಗ್ಗೆ 11.20, ಸಿಟ್ಟಿನಲ್ಲಿ.

ಮನೆಗೆ ಹೋದವಳೇ ಡಬ್ಬಗಳನ್ನೆಲ್ಲ ಜಾಲಾಡಿದೆ. ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಎಲ್ಲದರಲ್ಲೂ ಇದೆ. ಹೇಗೆ ಹೇಳಿದರು ಎಂದು ಒಂದರಲ್ಲೂ ಇಲ್ಲ. ನೇರ ಅಕ್ಕನ ಹತ್ತಿರ ಹೋಗಿ ಜಗಳಕ್ಕೆ ನಿಂತೆ.

"ಬೇರೆ ಯಾರಿಗೂ ಇಲ್ಲದ್ದು ನನಗೊಬ್ಬಳಿಗೆ ಯಾಕೆ? ನನ್ನ ಸಿಟ್ಟನ್ನ ಊರಿಗೆಲ್ಲ ಸಾರಬೇಕಾ?"

ಅಕ್ಕ ಬಟ್ಟೆ ಮಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಆ ಮಾತು ಸಿಟ್ಟಿಲ್ಲದೆ ಬಾಯಿಗೆ ಬರಲ್ಲ ಕಣೇ. ಇಪ್ಪತ್ತೆರಡು ವರ್ಷ ಸಿಟ್ಟು ನುಂಗ್ಕೊಂಡು ಕೂತಿದ್ದೆ, ಅದಕ್ಕೇ ನನಗೆ ಬರ್ಲಿಲ್ಲ. ಕಲಿಯೋ ಹುಡುಗೀರಿಗೆ ಅದೂ ಗೊತ್ತಿರ್ಲಿ."

ಆ ಪದವನ್ನು ನಾನು ತೆಗೆಯಲಿಲ್ಲ. ಪುಸ್ತಕದಲ್ಲಿ ಅದು ಹಾಗೆಯೇ ಇದೆ.