ತತ್ವ 347: ಸಂದೇಹದ ಲ್ಯಾಬು

ನಮ್ಮ ವಿಶ್ವವಿದ್ಯಾಲಯದಲ್ಲಿ ಕೋರ್ಸುಗಳಿಗೆ ಹೆಸರಿಡುವವರು ಪ್ರೊಫೆಸರುಗಳು, ನಂಬರಿಡುವವನು ನಾನು. ಹೆಸರು ಒಂದು ಮಾರು ಉದ್ದವಿದ್ದರೂ ಯಾರೂ ಕೇಳುವುದಿಲ್ಲ. ನಂಬರು ಮಾತ್ರ ಮೂರೇ ಅಂಕಿ, ಆ ಮೂರರಲ್ಲಿ ಕೋರ್ಸಿನ ಹಣೆಬರಹವೆಲ್ಲ ಇರಬೇಕು. ಮೊದಲನೆಯದು ಎಷ್ಟನೇ ವರ್ಷದ್ದೆಂದು ಹೇಳುತ್ತದೆ, ಎರಡನೆಯದು ಯಾವ ಶಾಖೆಯೆಂದು. ಮೂರನೆಯದು ಕೋರ್ಸಿನ ಬಗೆ: ಒಂದರಿಂದ ಆರು ಬರೀ ಪಾಠ, ಏಳು ಲ್ಯಾಬು, ಎಂಟು ಪ್ರವಾಸ, ಒಂಬತ್ತು ಪ್ರಾಜೆಕ್ಟು. ಹೊಸ ಗುಮಾಸ್ತರಿಗೆ ನಾನು ಹೇಳಿಕೊಡುವುದು ಇಷ್ಟೇ: "ಆರರವರೆಗೂ ಕೂತ್ಕೋ. ಏಳು ಅಂದ್ರೆ ಏಳು." ಲ್ಯಾಬಿನಲ್ಲಿ ನಿಂತೇ ಕೆಲಸ ತಾನೆ.

ಇನ್ನೊಂದು ನಿಯಮವಿದೆ. ಕೋರ್ಸು ನಿಂತುಹೋದರೆ ಅದರ ನಂಬರನ್ನು ಹತ್ತು ವರ್ಷ ಬೇರೆ ಯಾವುದಕ್ಕೂ ಕೊಡುವಂತಿಲ್ಲ. ತತ್ವಶಾಸ್ತ್ರದವರು ಕೋರ್ಸು ಹುಟ್ಟಿಸುವುದರಲ್ಲೂ ಎತ್ತಿದ ಕೈ, ಕೈಬಿಡುವುದರಲ್ಲೂ ಎತ್ತಿದ ಕೈ. ಅವರ ಮೂರನೇ ವರ್ಷದ ನಾಲ್ಕನೇ ಶಾಖೆಯಲ್ಲಿ 341ರಿಂದ 346ರವರೆಗೆ ಆರೂ ಖರ್ಚಾಗಿದ್ದವು. ಆಗ ನನ್ನ ಮೇಜಿಗೆ ಬಂತು, 'ಸಂದೇಹ: ಒಂದು ಪ್ರವೇಶಿಕೆ'. ಊಟದ ಹೊತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಆರಾದ ಮೇಲೆ ಏಳು ಎಂದು ಒಂದನೇ ತರಗತಿಯಲ್ಲಿ ಕಲಿತದ್ದನ್ನು ನಂಬಿ, ತತ್ವ 347 ಎಂದು ಒತ್ತಿ, ಡಬ್ಬಿಯ ಮುಚ್ಚಳ ತೆಗೆದೆ.

ಕಂಪ್ಯೂಟರಿಗೆ ಸಂದೇಹ ಬರುವುದಿಲ್ಲ. ಏಳನ್ನು ಕಂಡದ್ದೇ ತಡ, ಅದು ಸಂದೇಹಕ್ಕೆ ಸಿಂಕು, ಗ್ಯಾಸಿನ ನಲ್ಲಿಗಳಿರುವ ಕೋಣೆಯನ್ನು ಕೊಟ್ಟಿತು. ಹನ್ನೆರಡು ಏಪ್ರನ್ನು, ಹನ್ನೆರಡು ರೆಕಾರ್ಡ್ ಪುಸ್ತಕ, ಒಂದು ಪ್ರಾಕ್ಟಿಕಲ್ ಪರೀಕ್ಷೆ, ಒಬ್ಬ ಅಟೆಂಡರನ್ನೂ ಕೊಟ್ಟಿತು.

ಆ ಅಟೆಂಡರ್ ನಮ್ಮ ಭಾವ.

ಭಾವ ಹದಿನೆಂಟು ವರ್ಷ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿದ್ದವರು. ಈ ವರ್ಷ ಅದಕ್ಕೆ ಒಬ್ಬ ವಿದ್ಯಾರ್ಥಿಯೂ ಸೇರದೆ ಬೀಗ ಬಿತ್ತು, ಭಾವ ಹೆಚ್ಚುವರಿ ಪಟ್ಟಿಗೆ ಬಿದ್ದರು. ಬೇರೆ ಯಾವ ಲ್ಯಾಬೂ ಅವರನ್ನು ತೆಗೆದುಕೊಳ್ಳದಿದ್ದರೆ ಬಸ್ಸಿನಲ್ಲಿ ಎಂಟು ಗಂಟೆ ದೂರದ ಕ್ಯಾಂಪಸ್ಸಿಗೆ ವರ್ಗ. ಅಕ್ಕನಿಗೆ ಇಲ್ಲಿ ಹೊಲಿಗೆ ಅಂಗಡಿಯಿದೆ. ಅವಳು ನಮ್ಮ ಮನೆಗೇ ಬಂದು ಹೇಳಿಹೋಗಿದ್ದಳು:

"ನೋಡೋ, ನಿಮ್ಮ ಭಾವನ್ನ ಅಲ್ಲಿಗೆ ಹಾಕಿದ್ರೆ ನಾನು ಅಂಗಡಿ ಬಿಟ್ಟು ಹೋಗೋಳಲ್ಲ. ಒಬ್ಳೇ ಇರೋಳೂ ಅಲ್ಲ. ಇಲ್ಲಿಗೇ ಬರ್ತೀನಿ, ಮೂರು ಮೆಷೀನ್ ಸಮೇತ."

ನಮ್ಮದು ಎರಡು ಕೋಣೆಯ ಮನೆ. ನನ್ನ ಹೆಂಡತಿ ಅಕ್ಕನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು.

ಹಾಗಾಗಿ, ಮರುದಿನ ತಪ್ಪು ಕಣ್ಣಿಗೆ ಬಿದ್ದಾಗ, ತಿದ್ದಲು ಪೆನ್ನು ತೆಗೆದವನು ಪಕ್ಕದಲ್ಲಿ ಭಾವನ ಹೆಸರು ಕಂಡು ಪೆನ್ನಿಗೆ ಮೆಲ್ಲಗೆ ಮುಚ್ಚಳ ಹಾಕಿದೆ.

ಕೋರ್ಸಿನ ಮೇಡಂ ಮಾತ್ರ ಬುಸುಗುಡುತ್ತಾ ಬಂದರು. "ಏನ್ರೀ ಇದು? ಸಂದೇಹಪಡೋಕೆ ಏಪ್ರನ್ ಯಾಕ್ರೀ?"

"ಕಲೆ ಆಗಬಾರ್ದಲ್ಲ ಮೇಡಂ."

"ತಮಾಷೆ ಬೇಡ. ನಂಬರ್ ಬದಲಾಯಿಸಿ."

"ಬದಲಾಯಿಸ್ತೀನಿ. ಆದ್ರೆ ಲ್ಯಾಬ್ ರೂಮಲ್ಲಿ ನಾಲ್ಕು ಕಿಟಕಿ ಇದಾವೆ, ಯೋಚನೆ ಮಾಡಿ."

ಮೇಡಂ ಆರು ವರ್ಷದಿಂದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ನೀರಿನ ಪಂಪಿನ ಪಕ್ಕದಲ್ಲಿ ಪಾಠ ಮಾಡುತ್ತಿದ್ದವರು. ಪಂಪು ಶುರುವಾದರೆ ಸತ್ಯವೂ ಕೇಳಿಸುವುದಿಲ್ಲ, ಸುಳ್ಳೂ ಕೇಳಿಸುವುದಿಲ್ಲ. ಅವರು ಕುರ್ಚಿ ಎಳೆದುಕೊಂಡು ಕೂತರು.

"ತೆಗೆಯೋಕೆ ಬರೋ ಕಿಟಕಿನಾ?"

"ನಾಲ್ಕೂ."

"ಏಪ್ರನ್ ಯಾವ ಅಳತೇದು ಇದೆ?"

ಲ್ಯಾಬು ಶುರುವಾಯಿತು. ಭಾವ ಯಾವುದನ್ನೂ ಅರೆಮನಸ್ಸಿನಿಂದ ಮಾಡುವವರಲ್ಲ. ಮೇಡಂ ಬಾಯಲ್ಲಿ ಹೇಳಿದ್ದನ್ನೆಲ್ಲ ಅವರು ರೆಕಾರ್ಡ್ ಪುಸ್ತಕದ ಕ್ರಮಕ್ಕೆ ಇಳಿಸಿ, ಗೋಡೆಗೆ ಅಂಟಿಸಿದರು:

ಪ್ರಯೋಗ 1. ಉದ್ದೇಶ: ಮೇಜು ಇದೆಯೇ ಎಂದು ಸಂದೇಹಿಸುವುದು. ಬೇಕಾಗುವ ಸಾಮಗ್ರಿ: ಮೇಜು, ಒಂದು. ವಿಧಾನ: ಮೇಜನ್ನು ನೋಡಿ, ಕಣ್ಣು ಮುಚ್ಚಿ, ಮತ್ತೆ ನೋಡಬೇಕು. ಫಲಿತಾಂಶ: ಹೇಳಲಾಗದು. ಮುನ್ನೆಚ್ಚರಿಕೆ: ಸಂದೇಹಿಸುವಾಗ ಮೇಜಿನ ಮೇಲೆ ಒರಗಬಾರದು.

ಲ್ಯಾಬಿನಲ್ಲಿ ಒಡೆದ ವಸ್ತುಗಳ ಪುಸ್ತಕವನ್ನೂ ಇಟ್ಟರು. ಅದರಲ್ಲಿ ಮೊದಲ ವಾರವೇ, "ನಂಬಿಕೆ, ದೊಡ್ಡದು, ಒಂದು. ಒಡೆದವರು: ಮೇಡಂ" ಎಂದಿತ್ತು.

ಎಲ್ಲವೂ ಸುಗಮವಾಗಿ ನಡೆಯುತ್ತಿರುವಾಗ ಲ್ಯಾಬ್ ಪರಿಶೀಲನಾ ಸಮಿತಿ ಬರುತ್ತದೆಂಬ ಕಾಗದ ಬಂತು. ಸಮಿತಿಯೆಂದರೆ ಮೂವರು, ಇಬ್ಬರು ಸಹಿಯಲ್ಲಿ ಮಾತ್ರ ಕಾಣಿಸುತ್ತಾರೆ. ಮೂರನೆಯವರು ನಿವೃತ್ತ ರಸಾಯನಶಾಸ್ತ್ರದ ಪ್ರೊಫೆಸರು, ಎರಡು ಮಾತಿಗೆ ಮುಖ ಕೆಂಪೇರುವ ಕಾರಣ ಇಡೀ ಕ್ಯಾಂಪಸ್ಸಿಗೆ ಲಿಟ್ಮಸ್. ಮೂಗಿನಲ್ಲೇ ಮಾತು, ಪ್ರತಿ ಮಾತಿನ ಕೊನೆಗೆ "ಹ್ಞಾಂ?" ಅವರ ದನಿ ಅನುಕರಿಸಿ ನಾನು ಕ್ಯಾಂಟೀನಿನಲ್ಲಿ ಎಷ್ಟೋ ಚಹಾ ಗಿಟ್ಟಿಸಿದ್ದೆ. ಪರಿಶೀಲನೆಯ ದಿನ ಆ ದನಿ ನಿಜವಾಗಿ ಲ್ಯಾಬಿನ ಬಾಗಿಲಲ್ಲಿ ಕೇಳಿದಾಗ, ಕಡತ ಹಿಡಿದು ನಿಂತಿದ್ದ ನಾನು ಭಾವನ ಹಿಂದಕ್ಕೆ ಸರಿದೆ.

"ತತ್ವಶಾಸ್ತ್ರಕ್ಕೆ ಲ್ಯಾಬು, ಹ್ಞಾಂ? ನಂಬರ್ ಕೊಟ್ಟೋನು ಯಾರು, ಹ್ಞಾಂ?"

"ನಾನೇ ಸಾರ್."

"ತಪ್ಪಾಗಿದ್ರೆ ಇವತ್ತೇ ಆ ಏಳನ್ನ ಹೊಡೆದುಹಾಕ್ತೀನಿ. ಆಮೇಲೆ ಈ ರೂಮು ವಾಪಸ್, ಅಟೆಂಡರ್ ವರ್ಗ. ತಿಳೀತಾ, ಹ್ಞಾಂ?"

ಭಾವ ಏಪ್ರನ್ನಿನ ಗಂಟು ಬಿಗಿ ಮಾಡಿಕೊಂಡರು. ಲಿಟ್ಮಸ್ ಪರಿಶೀಲನೆಯ ನಮೂನೆಯ ಹಾಳೆ ತೆಗೆದು ಭಾವನಿಗೆ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದರು.

"ಗ್ಯಾಸ್ ಉಪಯೋಗಿಸ್ತೀರಾ?"

"ಇಲ್ಲ ಸಾರ್. ಆದ್ರೆ ಇದೆಯೋ ಇಲ್ವೋ ಅಂತ ಪ್ರತಿ ಮಂಗಳವಾರ ಸಂದೇಹಪಡ್ತೀವಿ."

"ಅಪಘಾತ?"

"ಒಂದು ಸಾರ್. ಒಬ್ಬ ಹುಡುಗಿ, ಕುರ್ಚಿ ಇಲ್ವೇನೋ ಅಂತ ಸಂದೇಹಪಡ್ತಾ ಕೂತ್ಲು. ಇರ್ಲಿಲ್ಲ."

"ಆಮೇಲೆ?"

"ಫಲಿತಾಂಶ ಸರಿ ಬಂತು ಅಂತ ಪೂರ್ತಿ ಅಂಕ ಕೊಟ್ವಿ. ಬೆನ್ನಿಗೆ ಮುಲಾಮು ಕೊಟ್ವಿ."

ಲಿಟ್ಮಸ್ ಮುಖ ಕಿವಿಯವರೆಗೂ ಕೆಂಪಾಯಿತು. "ಇದು ಲ್ಯಾಬಲ್ಲ, ಹುಡುಗಾಟ!" ಎಂದು ಪೆನ್ನು ಎತ್ತಿದರು. ನನ್ನ ಕಣ್ಣ ಮುಂದೆ ಮೂರು ಮೆಷೀನುಗಳು ಸಾಲಾಗಿ ನಮ್ಮ ಮನೆಯ ಹೊಸ್ತಿಲು ದಾಟಿದವು.

"ಸಾರ್, ಹದಿನಾಲ್ಕನೇ ಪ್ರಶ್ನೆ ಬಾಕಿ ಇದೆ," ಎಂದರು ಮೇಡಂ. "'ಪರಿಶೀಲಕರು ಒಂದು ಪ್ರಯೋಗವನ್ನು ಸ್ವತಃ ಮಾಡತಕ್ಕದ್ದು.' ಮಾಡದೆ ತಿರಸ್ಕರಿಸೋ ಹಾಗಿಲ್ಲ."

ಲಿಟ್ಮಸ್ ನಮೂನೆಯ ವಿಷಯದಲ್ಲಿ ಶಿಸ್ತಿನ ಮನುಷ್ಯ. ಗೊಣಗುತ್ತಲೇ ಏಪ್ರನ್ ಹಾಕಿಸಿಕೊಂಡರು. ಭಾವ ಅವರನ್ನು ಮೇಜಿನ ಮುಂದೆ ನಿಲ್ಲಿಸಿದರು. ಮೇಡಂ ಗೋಡೆಯ ಕಾಗದ ಓದಿದರು: "ಪ್ರಯೋಗ 6. ಉದ್ದೇಶ: ತನಗೆ ಚೆನ್ನಾಗಿ ಗೊತ್ತಿದೆ ಎಂದು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಂಬಿಕೊಂಡಿರುವ ಒಂದು ಸಂಗತಿಯನ್ನು ಸಂದೇಹಿಸುವುದು."

"ನನಗೆ ಚೆನ್ನಾಗಿ ಗೊತ್ತಿರೋದು ರಸಾಯನಶಾಸ್ತ್ರ. ಅದ್ರಲ್ಲಿ ಸಂದೇಹ ಏನು ಬಂತು? ಬ್ಯುರೆಟ್ ಕೊಳವೆಯಿಂದ ಕ್ಷಾರ ಹನಿ ಹನಿ ಬಿಡ್ಬೇಕು, ತಿಳಿ ಗುಲಾಬಿ ಬಣ್ಣ ಬಂದ ತಕ್ಷಣ ನಿಲ್ಲಿಸ್ಬೇಕು. ಮೂವತ್ತೊಂದು ವರ್ಷ ಹೇಳಿಕೊಟ್ಟಿದೀನಿ, ಹ್ಞಾಂ?"

"ಗುಲಾಬಿ ಅಂದ್ರೆ ಯಾವ ಥರ ಸಾರ್?" ಭಾವ ಕೇಳಿದರು, ತೀರಾ ಸಹಜವಾಗಿ.

"ಯಾವ ಥರ ಅಂದ್ರೆ... ಗುಲಾಬಿ ಥರ."

"ನಿಮ್ಮ ಏಪ್ರನ್ ಥರಾನಾ?"

ಲಿಟ್ಮಸ್ ಬಗ್ಗಿ ಏಪ್ರನ್ ನೋಡಿಕೊಂಡರು. "ಹೂಂ, ಹೆಚ್ಚೂಕಮ್ಮಿ ಹೀಗೇ."

ಏಪ್ರನ್ ತಿಳಿ ಹಸಿರಿನದು.

ಯಾರೂ ನಗಲಿಲ್ಲ. ನಾನೂ ನಗಲಿಲ್ಲ, ಅದು ನನಗೆ ಅಷ್ಟು ಸುಲಭದ ಕೆಲಸವಲ್ಲ. ನಮ್ಮ ಮೂವರ ಮುಖಗಳನ್ನು ಸುತ್ತಿ ಬಂದ ಲಿಟ್ಮಸ್ ಕಣ್ಣು ಮತ್ತೆ ಏಪ್ರನ್ನಿಗೆ ಬಂತು.

"ನಮ್ಮ ಲ್ಯಾಬಲ್ಲಿ ಒಬ್ಬ ಅಟೆಂಡರ್ ಇದ್ದ," ಎಂದರು ನಿಧಾನವಾಗಿ. ಮೂಗಿನ ದನಿ ಎಲ್ಲೋ ಹೋಗಿತ್ತು. "ಪಕ್ಕದಲ್ಲಿ ನಿಂತು, ಬಣ್ಣ ನೋಡಿ 'ಬಂತು ಸಾರ್' ಅಂತಿದ್ದ. ನಾನೂ ಹುಡುಗ್ರಿಗೆ 'ನೋಡಿ, ಬಂತು' ಅಂತಿದ್ದೆ. ಅವನು ರಜೆ ಹಾಕಿದ ದಿನ ನಾನೂ ರಜೆ ಹಾಕ್ತಿದ್ದೆ. ಯಾಕೆ ಅಂತ ಒಂದಿನಾನೂ ಕೇಳ್ಕೊಂಡಿಲ್ಲ. ಮೂವತ್ತೊಂದು ವರ್ಷ ನಾನು ನೋಡಿದ್ದು ಅವನ ಬಾಯಿನಾ, ಹಾಗಾದ್ರೆ?"

ಅವರು ಭಾವನ ಕಡೆ ತಿರುಗಿದರು.

"ಇದೇನಾ ಸಂದೇಹ ಅಂದ್ರೆ? ಬಂತಾ?"

ಭಾವ ಸೊಂಟ ಬಗ್ಗಿಸಿ, ಬ್ಯುರೆಟ್ ಓದುವವರ ಹಾಗೆ ಕಣ್ಣನ್ನು ಲಿಟ್ಮಸ್ ಮುಖದ ಮಟ್ಟಕ್ಕೆ ತಂದು, ಒಂದು ಕಣ್ಣು ಮುಚ್ಚಿ ನೋಡಿದರು.

"ಬಂತು ಸಾರ್. ಸಾಕು, ನಿಲ್ಸಿ. ಇನ್ನೊಂದು ಹನಿ ಹಾಕಿದ್ರೂ ಜಾಸ್ತಿ ಆಗುತ್ತೆ."

ಲಿಟ್ಮಸ್ ಒಂದು ಲೋಟ ನೀರು ಕುಡಿದು ನಮೂನೆ ತುಂಬಿದರು. ಲ್ಯಾಬು ಹೌದೇ? ಹೌದು. ಪ್ರಯೋಗಕ್ಕೆ ಫಲಿತಾಂಶ ಬರುತ್ತದೆಯೇ? ಬರುತ್ತದೆ. ವಿಶೇಷ ಸೂಚನೆ ಎಂಬಲ್ಲಿ, 'ಈ ಅಟೆಂಡರ್ ಇಲ್ಲದೆ ಪ್ರಯೋಗ ಮಾಡತಕ್ಕದ್ದಲ್ಲ' ಎಂದು ಬರೆದು ಎರಡು ಗೆರೆ ಎಳೆದರು. ಹೋಗುವಾಗ ಏಪ್ರನ್ ಬಿಚ್ಚಲು ಮರೆತರು. ಭಾವ ಓಡಿಹೋಗಿ ಬಿಚ್ಚಿಕೊಂಡು ಬಂದರು, ಲೆಕ್ಕಕ್ಕೆ ಹನ್ನೆರಡು ಇರಬೇಕಲ್ಲ.

ಮಧ್ಯಾಹ್ನದೊಳಗೆ ಹೆಚ್ಚುವರಿ ಪಟ್ಟಿಯಿಂದ ಭಾವನ ಹೆಸರು ತೆಗೆದರು. ನಾನೇ ಅಕ್ಕನಿಗೆ ಫೋನು ಹಚ್ಚಿ ಭಾವನ ಕೈಗೆ ಕೊಟ್ಟೆ.

"ಏ, ನಾನು ಇಲ್ಲೇ ಇರ್ತೀನಂತೆ ಕಣೇ," ಎಂದರು ಭಾವ.

"ಹೌದಾ? ಖಾತ್ರಿನಾ?" ಎಂದಳು ಅಕ್ಕ. ಮೆಷೀನು ಓಡುವ ಸದ್ದು ನನಗೂ ಕೇಳುತ್ತಿತ್ತು.

ಭಾವ ಬಾಯಿ ತೆರೆದರು. ಫೋನನ್ನು ನೋಡಿದರು, ಕಣ್ಣು ಮುಚ್ಚಿದರು, ಮತ್ತೆ ನೋಡಿದರು.

"ರೀ? ಖಾತ್ರಿನಾ ಅಂದೆ." ಮೆಷೀನು ನಿಂತಿತು.

"ಹೂಂ ಅನ್ನಿ ಭಾವ," ಎಂದು ನಾನು ಅವರ ತೋಳು ಹಿಡಿದು ಅಲುಗಿಸಿದೆ. "ಸುಮ್ನೆ ಹೂಂ ಅಂದ್ಬಿಡಿ!"